ಅಚ್ಚಣ್ಣನ ಎಡಗಣ್ಣು

ಕಾಲಿಗೆ ತೊಂದರೆಯಿದ್ದವರಿಗೆ ಅಳತೆ ತೆಗೆದು ಶೂ ಮಾಡಿಕೊಡುವ ಆ ಸಣ್ಣ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಅಚ್ಚಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷದಿಂದ ಮರದಲ್ಲಿ ಕಾಲಿನ ಅಚ್ಚು ಕೆತ್ತುವವನನ್ನು ಇನ್ನೇನೆಂದು ಕರೆದಾರು? ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಾಗೊಮ್ಮೆ ಹೀಗೊಮ್ಮೆ ತಿರುಗಿಸಿ, ಕತ್ತು ಓರೆ ಮಾಡಿ ನೋಡುತ್ತಾ ನಿಂತನೆಂದರೆ ಊಟದ ಹೊತ್ತಾದದ್ದೂ ಅವನಿಗೆ ತಿಳಿಯುತ್ತಿರಲಿಲ್ಲ. ಎಂಥ ನಾಜೂಕು ಎಂದು ಜನ ಹೊಗಳುತ್ತಿದ್ದರು. ನಾಜೂಕು ಸುಳ್ಳಲ್ಲ. ಆದರೆ ಅಷ್ಟೊಂದು ತಿರುಗಿಸಿ ನೋಡುವುದಕ್ಕೆ ಬೇರೆ ಕಾರಣವೂ ಇತ್ತು. ಹುಟ್ಟಿದಾಗಿನಿಂದ ಅಚ್ಚಣ್ಣನಿಗೆ ಎಡಗಣ್ಣು ಕಾಣದು. ನೋಡುವವರಿಗೆ ಎರಡೂ ಕಣ್ಣು ಒಂದೇ ಥರ ಇದ್ದವು. ದುಡಿಯುತ್ತಿದ್ದದ್ದು ಬಲಗಣ್ಣು, ಎಡದ್ದು ಸುಮ್ಮನೆ ಜೊತೆಗಿತ್ತು.

ಇದು ಗೊತ್ತಿದ್ದದ್ದು ಅವನ ತಾಯಿಗೆ ಒಬ್ಬಳಿಗೇ. ಮದುವೆಯ ಮಾತು ಬಂದಾಗ, ಬಾಯಿ ಬಿಟ್ಟೀಯ ಜೋಕೆ ಎಂದು ಆಕೆ ಗದರಿಸಿದ್ದಳು. ಮಗ ಬಾಯಿ ಬಿಡಲಿಲ್ಲ. ಮದುವೆಯಾದ ಮೇಲೆ ಹೇಳಿದರಾಯಿತು ಅಂದುಕೊಂಡ. ಆದ ಮೇಲೆ, ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿಯಾಳು ಎಂಬ ಹೆದರಿಕೆ ಹಿಡಿಯಿತು. ಇವತ್ತು ನಾಳೆ ಎನ್ನುತ್ತಾ ಇಪ್ಪತ್ತಾರು ವರ್ಷ ಸರಿದುಹೋದವು. ಕಟ್ಟಿಕೊಂಡವಳಿಗೆ ಮೋಸ ಮಾಡಿದೆನಲ್ಲ ಎಂಬ ಮುಳ್ಳು ಮಾತ್ರ ಒಳಗೇ ಉಳಿಯಿತು. ಅವಳೋ, ರಸ್ತೆಯಲ್ಲಿ ನಡೆಯುವಾಗ ಯಾವಾಗಲೂ ಅವನ ಎಡಕ್ಕೇ ಇರುತ್ತಿದ್ದಳು, ಅವನಿಗೆ ಏನೂ ಕಾಣದ ಕಡೆ. ಮಾತು ನಿಂತರೆ ಎಲ್ಲಿ ಹೋದಳಪ್ಪ ಎಂದು ಅವನು ಇಡೀ ಕತ್ತು ತಿರುಗಿಸಬೇಕಾಗುತ್ತಿತ್ತು. ಇಲ್ಲೇ ಇದ್ದೀನಿ, ಎಲ್ಲೂ ಓಡಿಹೋಗಿಲ್ಲ ಎಂದು ಅವಳು ನಗುತ್ತಿದ್ದಳು.

ಕಾರ್ಖಾನೆಗೆ ಕಂಪ್ಯೂಟರ್ ಬಂದ ಮೇಲೆ ಅಚ್ಚು, ಮೆತ್ತೆಗಳ ವಿನ್ಯಾಸವೆಲ್ಲ ಅದರೊಳಗೆ ಹೋಯಿತು. ಅದನ್ನು ನೋಡಿಕೊಳ್ಳುತ್ತಿದ್ದವಳು ಅವನ ಹೆಂಡತಿಯ ಅಕ್ಕನ ಮಗಳೇ. ಕೆಲಸದಲ್ಲಿ ಚುರುಕು, ಬಾಯಲ್ಲಿ ಮಾತು ನಿಲ್ಲದು. ಒಂದು ದಿನ ಹೊಸ ಪರದೆ ಬಂತು, ಜೊತೆಗೆ ಕಪ್ಪು ಕನ್ನಡಕಗಳು. ಪರದೆ ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ತೋರಿಸುತ್ತದೆ, ಎರಡೂ ತಲೆಯೊಳಗೆ ಕೂಡಿಕೊಂಡು ವಸ್ತು ನಿಜವಾಗಿ ಎದುರಿಗೇ ಬಂದು ನಿಲ್ಲುತ್ತದೆ ಎಂದು ಅವಳು ವಿವರಿಸಿದಳು. ಅಚ್ಚಣ್ಣ ಮೆಲ್ಲಗೆ ಎಲ್ಲರ ಹಿಂದಕ್ಕೆ ಸರಿದ.

ಮೊದಲು ಯಜಮಾನರು ಕನ್ನಡಕ ಹಾಕಿಕೊಂಡರು. ಅರವತ್ತು ದಾಟಿದ ಮನುಷ್ಯ, ಗಾಳಿಯಲ್ಲಿ ಇಲ್ಲದ ಹಿಮ್ಮಡಿಯನ್ನು ಸವರುತ್ತಾ ಮಗುವಿನಂತೆ ನಿಂತುಬಿಟ್ಟರು. ಆಮೇಲೆ ಅಚ್ಚಣ್ಣನ ಸರದಿ. ಅವನಿಗೆ ಕಂಡದ್ದು ಗೋಡೆಯ ಮೇಲಿನ ಫೋಟೊದಂಥ ಚಿತ್ರ, ಅಷ್ಟೆ. ಆದರೂ ಯಜಮಾನರು ಮಾಡಿದಂತೆಯೇ ಕೈ ಚಾಚಿದ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಬೆರಳು ಹೋಗಿ ಗಾಜಿಗೆ ಟಕ್ಕೆಂದು ತಾಗಿತು. ಎಲ್ಲರೂ ನಕ್ಕರು. ಕಂಡಿತಾ ಚಿಕ್ಕಪ್ಪ ಎಂದು ಹುಡುಗಿ ಕೇಳಿದಳು. ಕಾಣದೆ ಏನು, ಮೂಗಿನ ತನಕ ಬಂತಲ್ಲ ಎಂದುಬಿಟ್ಟ.

ಅದೇ ವಾರ ಶಾಲೆಯ ಟೀಚರಮ್ಮ ಒಬ್ಬರು ಅಳತೆ ಕೊಡಲು ಬಂದಿದ್ದರು. ಸಕ್ಕರೆ ಕಾಯಿಲೆಯಿಂದ ಅವರ ಪಾದಕ್ಕೆ ಸ್ಪರ್ಶವೇ ಇರಲಿಲ್ಲ; ಹೆಬ್ಬೆರಳ ಬುಡದಲ್ಲಿ ಮಾಯದ ಹುಣ್ಣೊಂದಿತ್ತು. ಕಾಲುಚೀಲ ತೆಗೆದಾಗ ಅದರಿಂದ ಒಂದು ಕಲ್ಲಿನ ಹರಳು ಉರುಳಿ ಬಿತ್ತು. ಬೆಳಗಿನಿಂದ ಅದರ ಮೇಲೇ ನಿಂತು ಪಾಠ ಮಾಡಿದ್ದರು, ಗೊತ್ತೇ ಆಗಿರಲಿಲ್ಲ. ನನ್ನ ಕಾಲು ನನಗೆ ದೂರು ಹೇಳೋದು ಬಿಟ್ಟು ವರ್ಷ ಆಯ್ತು ಎಂದು ನಕ್ಕರು. ಅಚ್ಚಣ್ಣನಿಗೆ ನಗು ಬರಲಿಲ್ಲ. ಆ ಹರಳನ್ನು ಎತ್ತಿ ತನ್ನ ಜೇಬಿಗೆ ಹಾಕಿಕೊಂಡ, ಯಾಕೆಂದು ಅವನಿಗೇ ತಿಳಿಯದು.

ಮುಂದಿನ ಮಂಗಳವಾರ ಟೀಚರಮ್ಮನ ಶೂ ಒಳಗಿಡುವ ಮೆತ್ತೆ ಪರದೆಗೆ ಬಂತು. ಹುಣ್ಣಿನ ಮೇಲೆ ಭಾರ ಬೀಳದಿರಲಿ ಎಂದು ಅದರ ಕೆಳಗೆ ಗುಳಿ ಇರಬೇಕು. ಹುಡುಗಿ ಗುಳಿಯನ್ನೇ ಇಟ್ಟಿದ್ದಳು. ಆದರೆ ಕನ್ನಡಕ ಹಾಕಿ ನೋಡಿದರೆ ಅಲ್ಲಿ ಉಬ್ಬು ಕಂಡಿತು. ಯಜಮಾನರಿಗೂ ಉಬ್ಬೇ ಕಂಡಿತು. ಮೌಸಿನಿಂದ ಒತ್ತಿದರೆ ಉಬ್ಬು ಇನ್ನಷ್ಟು ಏಳುತ್ತಿತ್ತು, ಎಳೆದರೆ ಇಳಿಯುತ್ತಿತ್ತು. ಈ ಸಾಫ್ಟ್‌ವೇರಿನ ಬುದ್ಧಿಯೇ ತಿರುಗಾಮುರುಗಾ ಎಂದು ಬೈದುಕೊಳ್ಳುತ್ತಾ, ನೋಯುವ ಹಣೆ ಒತ್ತಿಕೊಳ್ಳುತ್ತಾ, ಅವಳು ಎಳೆದೂ ಎಳೆದೂ ಅದನ್ನು ಗುಳಿ ಮಾಡಿದಳು.

ತಾನೂ ಕನ್ನಡಕ ಹಾಕಿಕೊಂಡು ಹಿಂದೆ ನಿಂತಿದ್ದ ಅಚ್ಚಣ್ಣನ ಒಂಟಿ ಕಣ್ಣಿಗೆ ಕಂಡದ್ದೇ ಬೇರೆ. ಮೆತ್ತೆ ಪರದೆಯ ಮೇಲೆ ತಿರುಗಿದಾಗ ನೆರಳು ಸರಿದ ರೀತಿ ಅವನಿಗೆ ಮೂವತ್ತು ವರ್ಷದ ಪರಿಚಯ. ಇದ್ದ ಗುಳಿಯನ್ನು ಅವಳು ಅವನ ಕಣ್ಣೆದುರೇ ಉಬ್ಬು ಮಾಡಿದ್ದಳು. ಸರಿಯಾಯಿತು ತಾನೆ ಎಂದು ಕೇಳಿದಳು. ಇಲ್ಲ ಎಂದರೆ, ನಿಮಗೊಬ್ಬರಿಗೇ ಯಾಕೆ ಹಾಗೆ ಕಾಣುತ್ತದೆ ಎಂಬ ಪ್ರಶ್ನೆ ಬರುತ್ತದೆ. ಅದರ ಉತ್ತರ ಸಂಜೆಯೊಳಗೆ ಹೆಂಡತಿಯ ಕಿವಿಗೆ ಮುಟ್ಟುತ್ತದೆ. ಅಚ್ಚಣ್ಣ ಹೂಂ ಅಂದುಬಿಟ್ಟ.

ಮೊದಲಾಗಿದ್ದರೆ ಮೆತ್ತೆ ಅವನ ಕೈಗೇ ಬರುತ್ತಿತ್ತು, ಯಾರಿಗೂ ಹೇಳದೆ ಕೆರೆದು ಸರಿಮಾಡಿಬಿಡುತ್ತಿದ್ದ. ಈಗ ವಿನ್ಯಾಸ ಬೇರೆ ಊರಿನ ಯಂತ್ರಕ್ಕೆ ಹೋಗಿ, ಮೆತ್ತೆ ನೇರವಾಗಿ ಟೀಚರಮ್ಮನ ಮನೆಗೆ ಪಾರ್ಸೆಲ್ಲಾಗಿ ಹೋಗುತ್ತಿತ್ತು. ಮರುದಿನ ಹತ್ತು ಗಂಟೆಗೆ ಕಳಿಸುವುದೆಂದು ಆಗಿತ್ತು. ರಾತ್ರಿ ತಟ್ಟೆಯ ಅನ್ನವನ್ನು ಅರ್ಧಕ್ಕೇ ಬಿಟ್ಟೆದ್ದ. ತಲೆನೋವು ಎಂದು ಹೆಂಡತಿಗೆ ಹೇಳಿ ಮಲಗಿದ. ಬೆಳಿಗ್ಗೆ ಅಂಗಿ ಹಾಕಿಕೊಳ್ಳುವಾಗ ಜೇಬಿನ ಹರಳು ಕೈಗೆ ಸಿಕ್ಕಿತು. ಆ ಉಬ್ಬು ಚುಚ್ಚಿದರೆ ಟೀಚರಮ್ಮನಿಗೆ ತಿಳಿಯುವುದೂ ಇಲ್ಲ. ಮರ್ಯಾದೆ ಹೋದರೆ ಹೋಗಲಿ ಎಂದು ಒಂಬತ್ತಕ್ಕೇ ಕಾರ್ಖಾನೆಗೆ ನಡೆದ.

"ಅದನ್ನ ಕಳಿಸಬೇಡಮ್ಮ," ಎಂದ ಹುಡುಗಿಗೆ. "ಅಲ್ಲಿರೋದು ಗುಳಿ ಅಲ್ಲ, ಉಬ್ಬು. ನನಗೆ ಒಂದೇ ಕಣ್ಣು ಕಾಣೋದು. ನಿಮ್ಮ ಕನ್ನಡಕ ನಿಮಗೆಲ್ಲ ಏನು ತೋರಿಸ್ತೋ, ನನಗೆ ತೋರಿಸಲ್ಲ."

ಹುಡುಗಿ ತಕ್ಷಣ ಕಂಪ್ಯೂಟರಿನ ಮುಂದೆ ಕೂತಳು. ಮೆತ್ತೆಯ ದಪ್ಪವನ್ನು ಅಂಕಿಯಲ್ಲಿ ತೆಗೆದು ನೋಡಿದಳು. ಹುಣ್ಣಿನ ಕೆಳಗೆ ನಾಲ್ಕು ಮಿಲಿಮೀಟರ್ ಎತ್ತರದ ದಿಬ್ಬವಿತ್ತು. ಸೋಮವಾರ ಕಂಪ್ಯೂಟರಿನ ಕೇಬಲ್ ಬದಲಿಸಿದಾಗ ಎಡಗಣ್ಣಿನ ಚಿತ್ರ ಬಲಕ್ಕೆ, ಬಲದ್ದು ಎಡಕ್ಕೆ ಅದಲುಬದಲಾಗಿತ್ತು. ಎರಡು ಕಣ್ಣಿದ್ದವರಿಗೆಲ್ಲ ಹಳ್ಳ ದಿಣ್ಣೆಯಾಗಿ, ದಿಣ್ಣೆ ಹಳ್ಳವಾಗಿ ಕಂಡಿತ್ತು. ಅವಳ ಕಣ್ಣು ತುಂಬಿದವು. ಚಿಕ್ಕಮ್ಮನಿಗೆ ನಾನೇನೂ ಹೇಳಲ್ಲ ಎಂದಳು. ಬೇಡ, ನಾನೇ ಹೇಳುತ್ತೇನೆ ಎಂದ ಅಚ್ಚಣ್ಣ.

ಸಂಜೆ ಹೆಂಡತಿ ತರಕಾರಿ ಚೀಲ ಹಿಡಿದು ಗೇಟಿನ ಹತ್ತಿರ ಕಾಯುತ್ತಿದ್ದಳು. ಎಂದಿನಂತೆ ಎಡಕ್ಕೆ ಬಂದು ಹೆಜ್ಜೆ ಹಾಕಿದಳು. ಮುಖ ಕಾಣದಿದ್ದದ್ದು ಒಳ್ಳೆಯದೇ ಆಯಿತು ಎಂದುಕೊಂಡು, ನೇರ ರಸ್ತೆ ನೋಡುತ್ತಲೇ ಹೇಳಿದ.

"ನನ್ನ ಎಡಗಣ್ಣು ಕಾಣಲ್ಲ. ಹುಟ್ಟಿದಾಗಿಂದಾನೂ. ನಿನಗೆ ಹೇಳ್ದೇನೇ ಮದುವೆ ಆದೆ."

ಅವಳ ಚಪ್ಪಲಿಯ ಸದ್ದು ನಿಲ್ಲಲಿಲ್ಲ.

"ಗೊತ್ತು," ಅಂದಳು. "ಮದುವೆಯಾದ ತಿಂಗಳಲ್ಲೇ ಗೊತ್ತಾಯ್ತು. ಎಡಗಡೆ ಲೋಟ ಇಟ್ರೆ ಉರುಳಿಸ್ತಿದ್ರಿ. ಒಂದಿನ ಈ ಕಡೆಯಿಂದ ಸೈಕಲ್ ಬಂದು ಗುದ್ದಿತು, ಗುದ್ದೋ ತನಕ ನಿಮಗೆ ಗೊತ್ತೇ ಆಗ್ಲಿಲ್ಲ. ಆವತ್ತಿಂದ ನಾನು ಈ ಕಡೆ ನಡೀತಿರೋದು."

ಅಚ್ಚಣ್ಣ ನಿಂತುಬಿಟ್ಟ. ಇಷ್ಟು ವರ್ಷ ಅದು ಅವಳ ಅಭ್ಯಾಸ ಎಂದುಕೊಂಡಿದ್ದ.

"ಮತ್ತೆ ಯಾಕೆ ಕೇಳ್ಲಿಲ್ಲ?"

"ನೀವಾಗೇ ಹೇಳ್ಲಿ ಅಂತ ಕಾದೆ. ಸ್ವಲ್ಪ ತಡ ಮಾಡಿದ್ರಿ, ಅಷ್ಟೆ."

ಅವನಿಗೆ ಅಳು ಬಂತು. ಸಂತೆಗೆ, ಆಸ್ಪತ್ರೆಗೆ, ಮಗಳ ಶಾಲೆಗೆ ಎಷ್ಟು ದಾರಿ ಜೊತೆಯಲ್ಲಿ ನಡೆದಿದ್ದರು. ಅಷ್ಟು ದಾರಿಯಲ್ಲೂ ಅವಳು ಅವನಿಗಾಗಿ ಕಾಣದ ಕಡೆಯೇ ಉಳಿದಿದ್ದಳು.

"ಇವತ್ತು ಈ ಕಡೆ ಬಾ," ಎಂದ, ಬಲಗೈ ತೋರಿಸಿ.

"ಆ ಕಡೆ ಯಾರು ನೋಡ್ಕೋತಾರೆ?"

"ನಾನೇ ಕತ್ತು ತಿರುಗಿಸ್ತೀನಿ. ನಡೆಯೋವಾಗ ನಿನ್ನ ಮುಖ ಹೇಗಿರುತ್ತೆ ಅಂತ ನಾನು ನೋಡೇ ಇಲ್ಲ."

ಅವಳು ಚೀಲವನ್ನು ಕೈ ಬದಲಿಸಿ, ಅವನನ್ನು ಬಳಸಿಕೊಂಡು ಬಲಕ್ಕೆ ಬಂದಳು. ಇಬ್ಬರೂ ನಿಧಾನಕ್ಕೆ ನಡೆದರು. ಅವಳು ತುಟಿ ಅಲ್ಲಾಡಿಸುತ್ತಾ, ತನ್ನಷ್ಟಕ್ಕೆ ಏನೋ ಮಾತಾಡಿಕೊಂಡು ನಡೆಯುತ್ತಾಳೆ ಎಂಬುದು ಅಚ್ಚಣ್ಣನಿಗೆ ಅಂದೇ ಗೊತ್ತಾಯಿತು.