ಚಿರತೆ ಇಳಿಸಿದ ಬೆಲೆ

ನಮ್ಮ ಮನೆಯವರು ಕಾಂಪೌಂಡಿಗೆ ಬೆನ್ನು ಮಾಡಿ ನಿಂತು, ಮನೆಯ ಬೆಲೆಯ ವಿಚಾರವಾಗಿ ಫೋನಿನಲ್ಲಿ ಮಾತಾಡುತ್ತಿದ್ದರು. ಅವರ ತಲೆಯ ಹಿಂದೆ, ಗೋಡೆಯ ಮೇಲೆ, ಒಂದು ಚಿರತೆ ನಡೆದುಕೊಂಡು ಬಂತು.

ಇನ್ನೂ ಕತ್ತಲಾಗಿರಲಿಲ್ಲ. ನಾನು ಹೊಸ್ತಿಲಲ್ಲಿ ಕೈಯಲ್ಲಿ ನೀರಿನ ಚರಿಗೆ ಹಿಡಿದು ನಿಂತಿದ್ದೆ. "ಇನ್ನೊಂದೀಟು ಕಡಿಮಿ ಮಾಡಸ್ರಿ ಮಾದೇವಣ್ಣಾರ" ಎನ್ನುತ್ತಿದ್ದರು ಇವರು. ಚಿರತೆ ನಿಂತಿತು. ಇವರ ಕುತ್ತಿಗೆಯ ಕಡೆ ನೋಡಿತು. ಕೂಗಬೇಕೆಂದು ಬಾಯಿ ತೆರೆದೆ. ಏನೂ ಬರಲಿಲ್ಲ. ಆಮೇಲೆ ಅದು ಬೇಸರವಾದಂತೆ ಮುಖ ತಿರುಗಿಸಿ ಪಕ್ಕದ ಖಾಲಿ ಜಾಗದ ಪೊದೆಗೆ ಇಳಿದು ಹೋಯಿತು. ಇವರು ಫೋನಿಟ್ಟು, "ಒಪ್ಪವಲ್ರು. ಯಾಕ, ಹಂಗ್ಯಾಕ ನಿಂತೀದಿ?" ಎಂದರು.

ತಾಳಿಕೋಟೆಯಿಂದ ನಾವು ಇಲ್ಲಿಗೆ ಬಂದು ಎರಡು ವರ್ಷವಾಗುತ್ತ ಬಂತು. ನಮ್ಮ ಮನೆಯವರು ಬಸವರಾಜ ಅವರಿಗೆ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸ. ನನಗೆ ತಿ. ನರಸೀಪುರದ ಕಾಲೇಜಿನಲ್ಲಿ ಪಾಠ. ಇಬ್ಬರಿಗೂ ಬಸ್ಸು ಸಿಗಲೆಂದು ಎರಡೂ ಊರಿನ ನಡುವಿನ ರಸ್ತೆಯಲ್ಲಿ, ಹೊಸ ಲೇಔಟಿನಲ್ಲಿ ಬಾಡಿಗೆಗೆ ಮನೆ ಹಿಡಿದೆವು. ನಾವು ಪ್ಲಾಟು ಎನ್ನುವುದಕ್ಕೆ ಇಲ್ಲಿ ಸೈಟು ಎನ್ನುತ್ತಾರೆ. ನಮ್ಮಲ್ಲಿ ಪ್ಲಾಟು ತೆಗೆದುಕೊಂಡವರು ಸಾಲ ಮಾಡಿಯಾದರೂ ಎರಡು ಕೋಣೆ ಎಬ್ಬಿಸುತ್ತಾರೆ. ಇಲ್ಲಿ ಸೈಟು ಕೊಂಡವರು ಕಲ್ಲು ನೆಟ್ಟು ಮೈಸೂರಿಗೆ ಹೋಗಿಬಿಡುತ್ತಾರೆ. ಬೆಲೆ ತಾನಾಗಿಯೇ ಬೆಳೆಯುತ್ತದೆ ಎಂಬ ನಂಬಿಕೆ. ಬೆಲೆ ಬೆಳೆಯಿತೋ ಇಲ್ಲವೋ, ಲಂಟಾನದ ಪೊದೆ ಮಾತ್ರ ಆಳೆತ್ತರ ಬೆಳೆದಿದೆ. ತಾಳಿಕೋಟೆಯಲ್ಲಿ ಪಕ್ಕದ ಮನೆಯವರು ರೊಟ್ಟಿ ಬಡಿಯುವ ಸದ್ದು ಕೇಳಿ ಏಳುತ್ತಿದ್ದವಳು ನಾನು. ಇಲ್ಲಿ ನಮ್ಮ ಒಂದು ಮಗ್ಗುಲಿಗೆ ಖಾಲಿ ಸೈಟುಗಳು, ಹಿಂದೆ ಕಬ್ಬಿನ ಗದ್ದೆ. ನೀರು ಮಾತ್ರ ಯಥೇಚ್ಛ. ಮೊದಲ ಸಲ ನಲ್ಲಿ ತಿರುಗಿಸಿದಾಗ ಬಂದ ನೀರಿನ ರಭಸಕ್ಕೆ ನಕ್ಕುಬಿಟ್ಟಿದ್ದೆ.

ನಾವಿರುವ ಮನೆಯನ್ನೇ ಕೊಳ್ಳಬೇಕೆಂಬುದು ಇವರ ಆಸೆ. ಮಾಲೀಕರು ನಾಗರತ್ನಮ್ಮ, ನಿವೃತ್ತ ಶಿಕ್ಷಕಿ. ಇದನ್ನು ಮಾರಿ ಮೈಸೂರಿನಲ್ಲಿ ಮಗಳ ಮನೆಯ ಹತ್ತಿರ ಫ್ಲ್ಯಾಟ್ ತೆಗೆದುಕೊಳ್ಳಬೇಕೆಂದಿದ್ದರು. ಅವರು ಹೇಳುತ್ತಿದ್ದ ಬೆಲೆ ನಮ್ಮ ಕೈಗೆ ಎಟಕುವಂತಿರಲಿಲ್ಲ. ಬೇರೆಯವರಿಗೂ ಎಟಕುತ್ತಿರಲಿಲ್ಲ ಅನ್ನಿ. ಮಾರಾಟಕ್ಕಿದೆ ಎಂಬ ಬೋರ್ಡುಗಳ ಬಣ್ಣ ಬಿಸಿಲಿಗೆ ಹೋಗಿತ್ತು. ಹೆದ್ದಾರಿ ಅಗಲವಾಗುತ್ತದೆ, ಇನ್ನಷ್ಟು ಕಾರ್ಖಾನೆ ಬರುತ್ತವೆ ಎಂಬ ಸುದ್ದಿಯ ಮೇಲೆ ಏರಿದ ಬೆಲೆ ಅದು. ಸುದ್ದಿ ಹಳೆಯದಾದರೂ ಬೆಲೆ ಇಳಿದಿರಲಿಲ್ಲ. ಇಲ್ಲಿಯ ಪದ್ಧತಿ ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು. ಮಾರುವವರು ತಮ್ಮ ಬಾಯಿಂದ ಬೆಲೆ ಇಳಿಸುವುದಿಲ್ಲ. ಅದು ಮರ್ಯಾದೆಯ ಮಾತು. ಒಬ್ಬರು ಇಳಿಸಿದರೆ ಇಡೀ ಸಾಲಿನ ಬೆಲೆ ಇಳಿದು, ಅಕ್ಕಪಕ್ಕದವರು ಮಾತು ಬಿಡುತ್ತಾರೆ. "ಕೂತು ಮಾತಾಡೋಣ" ಎನ್ನುತ್ತಾರೆ. ಕೂತಾಗ ಮಾತಾಡುವವನು ಬ್ರೋಕರು. ಮನೆಯವರು ಕಾಫಿ ಕುಡಿಯುತ್ತ ಕಿಟಕಿ ನೋಡುತ್ತಿರಬೇಕು.

ನಮ್ಮ ಬ್ರೋಕರು ಹೆಮ್ಮರಗಾಲದ ಮಾದೇವಣ್ಣ. ನಾನು ಕಂಡ ಚಿರತೆಯ ವಿಷಯ ಇವರಿಂದ ಕೇಳಿದ ಮರುದಿನವೇ ಬೈಕಿನಲ್ಲಿ ಬಂದರು.

"ಮೇಡಂ, ನೀವ್ ನೋಡಿದ್ದು ನಾಯಿ ಕಣ್ರೀ. ದೊಡ್ ನಾಯಿ. ಕಿರ್ಬ ಬಂತು ಅಂತ ಏಳ್ಕಂಡ್ ತಿರುಗುದ್ರೆ ಈ ಕಡೆ ಯಾರ್ ಬತ್ತಾರೆ?"

"ಕಿರ್ಬ ಅಂದ್ರ?"

"ಅದೇ, ಚಿರ್ತೆ. ನಮ್ ಕಡೆ ಅಂಗಂತೀವಿ. ನಮ್ಮೂರಲ್ಲಿ ಕಬ್ಬು ಕಡಿಯವಾಗ ನಾನೇ ನೋಡಿವ್ನಿ. ಅದುನ್ನ ನಿಜ್ವಾಗ್ಲೂ ನೋಡ್ದೋರು ಬಾಯ್ ಬುಡಲ್ಲ."

"ಆವಾಗ ನಾನೂ ಬಾಯಿ ಬಿಡಲಿಲ್ಲರಿ."

"ಅಂಗೇ ಇರಿ ಮತ್ತೆ" ಎಂದು ಬೈಕು ಹತ್ತಿದರು.

ಸುದ್ದಿ ಹೇಗೋ ಮುಟ್ಟಿ ಅರಣ್ಯ ಇಲಾಖೆಯವರು ಬಂದರು. ನೆಲ ಒಣಗಿ ಗಟ್ಟಿಯಾಗಿತ್ತು, ಹೆಜ್ಜೆ ಸಿಗಲಿಲ್ಲ. ಇದ್ದರೂ ಇರಬಹುದು ಎಂದು ಹೇಳಿ, ಖಾಲಿ ಸೈಟಿನಲ್ಲಿ ಮಾರಾಟದ ಬೋರ್ಡಿನ ಕೆಳಗೇ ಬೋನು ಇಟ್ಟು ಹೋದರು. ಬೇರೆ ಯಾರೂ ಅದನ್ನು ಕಂಡಿರಲಿಲ್ಲ. ಪಕ್ಕದ ಬೀದಿಯ ಹೆಂಗಸರು ನನ್ನನ್ನು ಕಂಡರೆ ಒಳಗೆ ಹೋಗುತ್ತಿದ್ದರು. ಬಾಡಿಗೆಯವಳು ಬೆಲೆ ಇಳಿಸಿ ತಾನೇ ಕೊಳ್ಳಲು ಕಥೆ ಕಟ್ಟಿದ್ದಾಳೆ ಎಂಬ ಮಾತು ನನ್ನ ಕಿವಿಗೂ ಬಿತ್ತು. ಇವರಂತೂ "ನಾಯಿನ ಇರಬೇಕು ಬಿಡು, ದಣದಿದ್ದಿ" ಎಂದು ಸಮಾಧಾನ ಮಾಡುತ್ತಿದ್ದರು. ಪಾಠ ಮಾಡುವಾಗ, ಬಸ್ಸಿನಲ್ಲಿ, ಅನ್ನ ಬಸಿಯುವಾಗ ಆ ದೃಶ್ಯವನ್ನು ಮತ್ತೆ ಮತ್ತೆ ನಡೆಸಿ ನೋಡಿದೆ. ಒಮ್ಮೆ ಬಾಲ ಉದ್ದವಿರುತ್ತಿತ್ತು, ಒಮ್ಮೆ ಇರುತ್ತಲೇ ಇರಲಿಲ್ಲ. ಒಮ್ಮೆ ಚುಕ್ಕೆಗಳು, ಇನ್ನೊಮ್ಮೆ ಬೇವಿನ ಎಲೆಯ ನೆರಳು. ಬದಲಾಗದೆ ಉಳಿದದ್ದು ಒಂದೇ: ನನ್ನ ತೆರೆದ ಬಾಯಿ, ಮತ್ತು ಅದರಿಂದ ಬಾರದ ಸದ್ದು.

ಕೆಲವು ವಾರ ಕಳೆದವು. ಒಂದು ಭಾನುವಾರ ಗೇಟಿನ ಹೊರಗೆ ಮಾದೇವಣ್ಣನ ದನಿ ಕೇಳಿತು. ಯಾರಿಗೋ ಎದುರು ಸಾಲಿನ ಮನೆ ತೋರಿಸುತ್ತಿದ್ದರು.

"ರೇಟ್ ಯಾಕ್ ಇಳ್ದದೆ ಅಂತೀರಲ್ಲ ಸಾ, ಬ್ಯಾರೆ ಏನೂ ಇಲ್ಲ. ಒಂದ್ ಕಿರ್ಬ ಬಂದಿತ್ತು. ಅಗೋ, ಆ ಮೇಡಂ ಕಣ್ಣಾರೆ ನೋಡವ್ರೆ. ಬೋನ್ ಮಡಗವ್ರೆ, ಇವತ್ತಲ್ಲ ನಾಳೆ ಬೀಳ್ತದೆ. ಅದು ಬಿದ್ಮೇಲೆ ರೇಟ್ ಏಳ್ತದೆ. ಈಗ್ಲೇ ತಗಂಬುಡಿ."

ಮನೆ ನೋಡಲು ಬಂದವರು ಹೋದ ಮೇಲೆ ಮಾದೇವಣ್ಣನನ್ನು ಕೇಳಿದೆ: "ನಾಯಿ ಅಂದಿದ್ರಲ್ಲರಿ?"

"ಆಗ ನಾಯಿ ಮೇಡಂ. ಈಗ ಕಿರ್ಬ."

ಆಗ ಸ್ವಲ್ಪ ಸ್ವಲ್ಪವೇ ಅರ್ಥವಾಯಿತು. ಬೆಲೆ ಇಳಿಸದೆ ಮನೆ ಹೋಗುವುದಿಲ್ಲವೆಂದು ಇಲ್ಲಿ ಎಲ್ಲರಿಗೂ ಮೊದಲೇ ಗೊತ್ತಿತ್ತು. ಇಳಿಸಲು ಮರ್ಯಾದೆಯ ಕಾರಣವೊಂದು ಬೇಕಿತ್ತು. ಆಸೆಬಿದ್ದು ಹೆಚ್ಚು ಕೇಳಿದ್ದೆವು ಎನ್ನಲು ಆಗದವರು ಚಿರತೆ ಬಂತು ಎನ್ನಬಹುದಿತ್ತು. ಮಾತು ಬಿಟ್ಟಿದ್ದ ಪಕ್ಕದ ಬೀದಿಯವರು ಉಪ್ಸಾರು ಕಳಿಸಿದರು. ಅದು ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟು, ಜೊತೆಗೆ ಖಾರ, ಮುದ್ದೆಗೆ ಹೊಂದುತ್ತದೆ. ರೊಟ್ಟಿಗೆ ಹಚ್ಚಿ ತಿಂದೆವು. ನನಗೇ ಖಾತ್ರಿಯಿಲ್ಲದ ಪ್ರಾಣಿಗೆ ನಾನು ಇಡೀ ಲೇಔಟಿನ ಸಾಕ್ಷಿಯಾಗಿದ್ದೆ.

ಕೊನೆಗೆ ನಾಗರತ್ನಮ್ಮನವರೂ ಕೂತು ಮಾತಾಡಲು ಬರುತ್ತೇನೆಂದು ಹೇಳಿಕಳಿಸಿದರು. ಹಿಂದಿನ ದಿನವೆಲ್ಲ ನನಗೆ ತಲೆ ಕೆಟ್ಟುಹೋಗಿತ್ತು. ನಾನು ಕಂಡದ್ದು ಚಿರತೆಯಾದರೆ ಮನೆ ನಮ್ಮ ಕೈಗೆ ಬರುತ್ತದೆ, ಆದರೆ ಆ ಅಂಗಳದಲ್ಲಿ ನಾನು ಜೀವನ ಮಾಡಲಾರೆ. ನಾಯಿಯಾದರೆ ನೆಮ್ಮದಿಯಾಗಿ ಬದುಕಬಹುದು, ಆದರೆ ಕೊಳ್ಳುವ ಶಕ್ತಿಯಿಲ್ಲ. ಇವರಿಗೆ ಹೇಳಿದರೆ, "ಎರಡೂ ಹೇಳಬ್ಯಾಡ, ಸುಮ್ಮನ ಚಾ ಮಾಡು" ಎಂದರು. ಚಹಾ ಅಲ್ಲ, ಇಲ್ಲಿಯವರಿಗೆ ಕಾಫಿಯೇ ಆಗಬೇಕು. ಮರುದಿನ ಅದನ್ನೇ ಮಾಡಿದೆ.

ನಾಗರತ್ನಮ್ಮ ಲೋಟ ಹಿಡಿದು ಪದ್ಧತಿಯಂತೆ ಕಿಟಕಿಯ ಕಡೆ ನೋಡುತ್ತ ಕೂತರು. ಮಾದೇವಣ್ಣ ಒಂದು ಬೆಲೆ ಹೇಳಿದರು, ಇವರು ತಲೆ ಅಲ್ಲಾಡಿಸಿದರು. ಮಾತು ಅಲ್ಲಿಗೇ ನಿಂತಿತು. ಆಗ ನಾಗರತ್ನಮ್ಮ ನನ್ನತ್ತ ತಿರುಗಿದರು.

"ಸುಜಾತಾ, ನಿಜ ಹೇಳಮ್ಮ. ಇದಕ್ಕಿಂತ ಕಮ್ಮಿಗೆ ಕೊಟ್ಟೆ ಅಂದ್ರೆ ನನ್ನ ತಂಗಿ ನಗ್ತಾಳೆ. ಚಿರತೆ ಬಂದಿತ್ತು ಅಂದ್ರೆ ನಗಲ್ಲ. ನೀನು ನೋಡಿದ್ದು ಹೌದು ತಾನೇ?"

ಇಷ್ಟು ದಿನ ನಾಯಿ ಎನ್ನುತ್ತಿದ್ದ ನಮ್ಮ ಮನೆಯವರು, "ಹೇಳ, ಖರೇನ ನೋಡಿಯಲ್ಲ" ಎಂದರು.

"ನೋಡೀನಿ" ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಬಾಯಿ ಒಮ್ಮೆ ತೆರೆದದ್ದು ಮುಚ್ಚಲಿಲ್ಲ. ಅದು ನಿಂತದ್ದು, ಹೆಗಲು ತಗ್ಗಿಸಿದ್ದು, ಕಿವಿ ಹಿಂದಕ್ಕೆ ಮಾಡಿದ್ದು, ಎಲ್ಲ ಹೇಳಿದೆ. "ಇವರ ಕುತ್ತಿಗಿಗೂ ಅದಕ್ಕೂ ಒಂದು ಮಾರು ದೂರ ಇರಲಿಲ್ಲರಿ. ಇವರು ಆವಾಗ ರೇಟ್ ಮಾತಾಡಾಕತ್ತಿದ್ರು. ಒದರಿದ್ರ ಇವರು ತಿರುಗ್ತಿದ್ರು. ತಿರುಗಿದ್ರ ಏನಾಗ್ತಿತ್ತೋ ನನಗ ಗೊತ್ತಿಲ್ಲ."

ಇವರು ನಿಧಾನವಾಗಿ ಕೈ ಎತ್ತಿ ತಮ್ಮ ಹಿಂಗುತ್ತಿಗೆ ಮುಟ್ಟಿಕೊಂಡರು. ನಾಗರತ್ನಮ್ಮ ಲೋಟ ಕೆಳಗಿಟ್ಟರು.

"ಇನ್ನೊಂಚೂರು ಇಳಿಸು ಮಾದೇವ" ಎಂದರು. ತಮ್ಮ ಬಾಯಿಂದಲೇ.

ಮಾದೇವಣ್ಣ ಬೆರಗಾಗಿ ಅವರನ್ನೇ ನೋಡಿದರು. ಮನೆ ನಮ್ಮದಾಯಿತು. ನಾನು ಹೇಳಿದ್ದು ನನ್ನ ಮಟ್ಟಿಗೆ ಸತ್ಯ; ಆದರೂ ಅದು ಚೌಕಾಸಿಯಂತೆ ಕೆಲಸ ಮಾಡಿತು. ಎರಡನ್ನೂ ಬೇರೆ ಮಾಡಲು ನನ್ನಿಂದ ಇವತ್ತಿಗೂ ಆಗಿಲ್ಲ. ಬೋನಿಗೆ ಏನೂ ಬೀಳಲಿಲ್ಲ. ಇವರು ಈಗ ಫೋನು ಬಂದರೆ ಒಳಗೆ ಬಂದು, ಗೋಡೆಗೆ ಬೆನ್ನು ಒತ್ತಿ ಮಾತಾಡುತ್ತಾರೆ.

ರಜೆಗೆ ತಾಳಿಕೋಟೆಗೆ ಬಂದಿದ್ದೆ. ಸಂಜೆ ಅವ್ವನ ಮನೆಯ ಅಂಗಳಕ್ಕೆ ನೀರು ಚಿಮುಕಿಸಲು ಹೊರಬಂದಾಗ ಮಾಳಿಗೆಯ ಅಂಚಿನಲ್ಲಿ ಏನೋ ನಡೆಯಿತು. ಕಟ್ಟೆಯ ಮೇಲೆ ಅವ್ವ ಆ ಕಡೆ ಬೆನ್ನು ಮಾಡಿ ಕೂತಿದ್ದಳು. ನಾನು ಕೂಗಿದೆ. ಓಣಿಯೆಲ್ಲ ಸೇರುವಷ್ಟು ಜೋರಾಗಿ, "ಕಿರ್ಬ, ಕಿರ್ಬ" ಎಂದು.

ಎದುರುಮನೆಯ ಕಾಕಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಮೇಲೆ ನೋಡಿ ಸೊಂಟಕ್ಕೆ ಕೈಯಿಟ್ಟಳು.

"ಬೆಕ್ಕು ಅದು, ಹುಚ್ಚಿ. ಏನ್ ಅಂದಿ ನೀ? ಯಾ ಊರ ಮಾತವ್ವಾ ಅದು?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಅಲ್ಲಿ ಗಂಟಲಲ್ಲಿ ಸಿಕ್ಕಿಬಿದ್ದ ಕೂಗು ಇಲ್ಲಿ, ನನ್ನ ದನಿ ಗುರುತಿರುವ ಓಣಿಯಲ್ಲಿ ಹೊರಬಿದ್ದಿತ್ತು. ಬಂದದ್ದು ಮಾತ್ರ ಅಲ್ಲಿಯ ಮಾತಿನಲ್ಲಿ. ಅವ್ವ ನಗಲಿಲ್ಲ. ನನ್ನ ಕೈಯಿಂದ ಚರಿಗೆ ತೆಗೆದುಕೊಂಡಳು.

"ಊರಿಗೆ ಯಾವಾಗ ಹೋಗಾಕಿ?" ಎಂದು ಕಾಕಿ ಕೇಳಿದಳು.

ಊರಿಗೆ ಬಂದವಳನ್ನೇ ಹಾಗೆ ಕೇಳುತ್ತಾಳಲ್ಲ ಎನ್ನಿಸಿತು. "ಸೋಮವಾರ" ಎಂದೆ. ಮಾಳಿಗೆಯ ಕಡೆ ಇನ್ನೊಮ್ಮೆ ನೋಡಿ, ಅವ್ವನನ್ನು ಮುಂದೆ ಬಿಟ್ಟುಕೊಂಡು ಒಳಗೆ ನಡೆದೆ.