ಶುಕ್ರವಾರ ಹೊಸ್ತಿಲು ದಾಟಿದ ರೊಕ್ಕ

ಬಾಗಿಲಿನ ಬಿಜಾಗರಿಗೆ ಹಾರಿಕೋಲು ಸಿಕ್ಕಿಸಿ ಮೀಟಿದಾಗ ಬರುವ ಸದ್ದು ನನಗೆ ಗೊತ್ತು. ಇಂದಿಗೂ ಯಾರಾದರೂ ಪೆಟ್ಟಿಗೆಯ ಮುಚ್ಚಳ ಕಿತ್ತರೆ ನನ್ನ ಕೈ ತಾನಾಗಿ ತಲೆಯ ಮೇಲೆ ಹೋಗುತ್ತದೆ. ಆ ಹಾರಿಕೋಲಿನ ಕೆಳಗೆ ಕೂತಿದ್ದವಳು ನಮ್ಮವ್ವ.

ಎಂಬತ್ತರ ದಶಕದ ಮಾತು. ಕಲಬುರಗಿಯಲ್ಲಿ ಬಿ.ಎ. ಮುಗಿಸಿ ಆಳಂದಕ್ಕೆ ಮರಳಿದ್ದೆ. ಬಸ್ ಸ್ಟ್ಯಾಂಡ್ ರಸ್ತೆಗೆ ನಮ್ಮದು ಮೂರು ಅಂಕಣದ ಕಲ್ಲಿನ ಮನೆ. ಅಪ್ಪನನ್ನು ಸೊಲ್ಲಾಪುರದ ಆಸ್ಪತ್ರೆಗೆ ಸೇರಿಸಿದಾಗ ಅವ್ವ ಅದನ್ನು ಒಬ್ಬ ಸಾವಕಾರನಿಗೆ ಗಿರವಿ ಇಟ್ಟಿದ್ದಳು. ಅಪ್ಪ ಉಳಿಯಲಿಲ್ಲ, ಗಿರವಿ ಉಳಿಯಿತು. ಮೂರು ವರ್ಷದ ಮುದ್ದತ್ತು, ಆ ಗಡುವಿನೊಳಗೆ ರೊಕ್ಕ ಮುಟ್ಟದಿದ್ದರೆ ಮನೆ ಸಾವಕಾರನದೇ ಎಂದು ಪತ್ರದಲ್ಲಿ ಬರೆದಿತ್ತು. ಅವ್ವ ಹೊಲಿಗೆ ಮಷೀನಿನ ಮುಂದೆ ಕೂತು ಮೂರು ವರ್ಷ ಓಣಿಯ ಕುಪ್ಪಸಗಳನ್ನೆಲ್ಲ ಹೊಲಿದಳು.

ಮುದ್ದತ್ತಿನ ಕಡೆಯ ದಿನ ಶುಕ್ರವಾರ ಬಿದ್ದಿತ್ತು. ಓಣಿಯ ಹೆಂಗಸರು ಕೂಡಿ ಹಾಕುವ ಭಿಶಿಯಲ್ಲಿ ಅವ್ವನ ಪಾಲಿನ ಹಣ ಕೈಗೆ ಬಂದದ್ದು ಗುರುವಾರ, ದೀಪ ಹಚ್ಚಿದ ಮೇಲೆ. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಯಾರೂ ಮನೆಯಿಂದ ರೊಕ್ಕ ಹೊರಗೆ ಕೊಡುವುದಿಲ್ಲ. ಶುಕ್ರವಾರವಂತೂ ಕೊಡುವುದೇ ಇಲ್ಲ, ಲಕ್ಷ್ಮಿ ಮನೆ ಬಿಟ್ಟು ಹೋಗುತ್ತಾಳೆ ಎಂದು. ಅವ್ವ ನನ್ನನ್ನು ಸಾವಕಾರನ ಅಂಗಡಿಗೆ ಕಳಿಸಿದಳು.

"ರೊಕ್ಕ ತಯಾರ್ ಅದರಿ. ನಾಳೆ ಶುಕ್ರವಾರ, ಹೆಂಗ ಮಾಡೂಣು ಅಂತ ಅವ್ವ ಕೇಳ್ಯಾಳ್ರಿ," ಎಂದೆ.

ಅವನು ನಕ್ಕ. "ಶುಕ್ರವಾರ ಲಕ್ಷ್ಮೀನ ಮನಿ ಬಿಡಸಬ್ಯಾಡ್ರಿ ತಂಗಿ. ನಾವೇನು ಪರದೇಶದವರಾ? ಶನಿವಾರ ಬರ್ರಿ ಅಂತ ಹೇಳು ಅವ್ವಗ."

ನಾನು ಹಾಗೇ ಹೇಳಿದೆ. ಕಾಲೇಜಿನಲ್ಲಿ ಮೂರು ವರ್ಷ ಓದಿದವಳಿಗೆ, ಆ ಮಾತನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕು ಎನ್ನಿಸಲಿಲ್ಲ. ಶನಿವಾರ ಅವ್ವ ಹಣದ ಗಂಟು ಮುಂದಿಟ್ಟರೆ ಅವನು ಅದನ್ನು ಮುಟ್ಟಲೇ ಇಲ್ಲ.

"ಮುದ್ದತ್ ನಿನ್ನೀಗೇ ಮುಗೀತಲ್ರಿ ಅಕ್ಕಾರ. ಈಗ ಮನಿ ನಂದು."

ಅವ್ವ ಗಂಟನ್ನು ಸೆರಗಿಗೆ ಕಟ್ಟಿಕೊಂಡು ಮನೆಯ ದಾರಿ ಹಿಡಿದಳು. ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚಾಗಿತ್ತು. ಸೋಮವಾರ ಅವಳನ್ನು ಕೋರ್ಟಿನ ಎದುರಿಗಿದ್ದ ಹಿರಿಯ ವಕೀಲರಲ್ಲಿಗೆ ಕರೆದುಕೊಂಡು ಹೋದೆ. ಅವರು ಮುಸಲ್ಮಾನರು, ಕನ್ನಡದಲ್ಲಿ ಶುರು ಮಾಡಿ ಉರ್ದುವಿನಲ್ಲಿ ಮುಗಿಸುವವರು. ಸಾವಕಾರನ ಶನಿವಾರದ ಮಾತು ಹೇಳಿದೆ.

"ಬರದು ಕೊಟ್ಟಾನೇನು ಬೇಟಿ?"

"ಇಲ್ರಿ."

"ಹಂಗಾರ ಅವನ ಮಾತು ಬಿಡು. ಕಾಗದ ತೋರಿಸು." ಪತ್ರವನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ಒಮ್ಮೆ ಗಿರವಿ ಅಂದ್ರ ಯಾವತ್ತಿಗೂ ಗಿರವೀನೇ. ಒಂದು ದಿನ ತಪ್ಪಿದ ಮಾತ್ರಕ್ಕ ಮನಿ ಅವಂದು ಆಗಂಗಿಲ್ಲ. ಬೇಕಾದ್ರ ಅವನು ದಾವಾ ಹಾಕಬೇಕು. ಕೋರ್ಟಿನ ಹುಕುಮ್ ಇಲ್ದ ನಿಮ್ಮ ಹೊಸ್ತಿಲಾ ದಾಟಂಗಿಲ್ಲ. ಅವನು ರೊಕ್ಕ ತಗೊಳ್ಳಿಲ್ಲ ಅಂದ್ರ ಕೋರ್ಟಿನಾಗ ಜಮಾ ಮಾಡ್ರಿ. ಕಾನೂನಿನಾಗ ಅದಕ್ಕ ದಾರಿ ಅದ."

ಅರ್ಜಿ ಹಾಕಿದೆವು. ಕೆಲವು ವಾರ ಹಿಡಿಯಿತು. ಅಷ್ಟರಲ್ಲಿ ಸಾವಕಾರ, ಬರುವ ಶನಿವಾರ ಬೀಗ ಹಾಕುತ್ತೇನೆ ಎಂದು ಹೇಳಿ ಕಳಿಸಿದ. ಹಣ ತುಂಬಲು ಕೋರ್ಟಿನ ಅಪ್ಪಣೆ ಸಿಕ್ಕಿದ್ದು ಗುರುವಾರ ಸಂಜೆ. ಉಳಿದದ್ದು ಮತ್ತೆ ಅದೇ ಶುಕ್ರವಾರ.

ವಕೀಲರು ಅವ್ವನ ಮುಖ ನೋಡಿದರು. "ನಿಮ್ಮ ಲಕ್ಷ್ಮಿ ಶುಕ್ರವಾರ ಹೊರಗ ಬರಂಗಿಲ್ಲ. ನಮ್ಮವರು ಜುಮ್ಮಾ ದಿನ ಫೀ ಕೊಡಂಗಿಲ್ಲ. ಶುಕ್ರವಾರ ಬಂತಂದ್ರ ನನಗ ಎರಡೂ ಕಡಿ ಉಪವಾಸ."

ಅವ್ವ ನಗಲಿಲ್ಲ. ಮರುದಿನ ಮುಂಜಾನೆ ದೇವರ ಮುಂದೆ ಗಂಟು ಇಟ್ಟು ಬಹಳ ಹೊತ್ತು ಕೂತಳು. ನಾನು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಕಾದೆ. ಕೊನೆಗೆ ಎದ್ದು ಗಂಟನ್ನು ನನ್ನ ಕೈಗಿಟ್ಟಳು. "ಮನೀನೇ ಇಲ್ಲಂದ್ರ ಲಕ್ಷ್ಮಿ ಎಲ್ಲಿ ಕುಂದರ್ತಾಳ? ನಡಿ."

ಮಧ್ಯಾಹ್ನದೊಳಗೆ ಹಣ ತುಂಬಿ ರಸೀದಿ ತಂದೆವು.

ಶನಿವಾರ ಸಾವಕಾರ ಇಬ್ಬರು ಆಳುಗಳೊಂದಿಗೆ ಬಂದ. ಅವರು ಮೊದಲು ಹೊಲಿಗೆ ಮಷೀನನ್ನು ಹೊತ್ತು ಬೀದಿಗಿಟ್ಟರು. ಅವ್ವ ಹೊಸ್ತಿಲ ಮೇಲೆ ಕೂತುಬಿಟ್ಟಳು. "ಏಳ್ತೀಯೋ ಇಲ್ಲೋ," ಎಂದ ಒಬ್ಬ, ಕದವನ್ನೇ ಕೀಳುವಂತೆ ಅವಳ ತಲೆಯ ಮೇಲಿನ ಬಿಜಾಗರಿಗೆ ಹಾರಿಕೋಲು ಹಾಕಿ ಮೀಟಿದ. ಕಟ್ಟಿಗೆ ಸೀಳಿತು. ಚೂರು ಅವ್ವನ ಹೆರಳಿನ ಮೇಲೆ ಬಿತ್ತು. ಅವಳು ಕದಲಲಿಲ್ಲ. ನನ್ನ ಕೈಯಲ್ಲಿ ರಸೀದಿ ಇತ್ತು, ಬಾಯಲ್ಲಿ ದನಿ ಇರಲಿಲ್ಲ. ಅಂದು ನಾನು ಎಷ್ಟು ಹೊತ್ತು ಸುಮ್ಮನಿದ್ದೆ ಎಂದು ಈಗಲೂ ಲೆಕ್ಕ ಹಾಕುತ್ತೇನೆ. ಹಾರಿಕೋಲು ಒಂದು ಗೇಣು ಜಾರಿದ್ದರೆ ಏನಾಗುತ್ತಿತ್ತು ಎಂದೂ.

ದನಿ ಬಂದಾಗ ರಸೀದಿಯನ್ನು ಓಣಿಗೆಲ್ಲ ಕೇಳುವಂತೆ ಓದಿದೆ, ಕೋರ್ಟಿನ ಹೆಸರು, ಅರ್ಜಿಯ ನಂಬರು, ಮುದ್ರೆ ಎಲ್ಲಿದೆ ಎನ್ನುವುದೂ ಸೇರಿ. ಹಾರಿಕೋಲಿನವನು ಕೈ ನಿಲ್ಲಿಸಿದ.

"ಸಾವಕಾರ್ರ, ಇದು ಕೋರ್ಟಿಗೆ ಹೋಗೇದ ಅಂತ ನಮಗ ಹೇಳಬೇಕಿತ್ತಿಲ್ರಿ? ನೀವು ಮನೀಗೆ ಹೋಗ್ತೀರಿ, ಠಾಣಾಕ್ಕ ಹೋಗಾವ್ರು ನಾವು."

"ಅದು ಬರೇ ಕಾಗದಲೇ," ಎಂದ ಸಾವಕಾರ.

ಅವ್ವ ಕೂತಲ್ಲಿಂದಲೇ ಅವನನ್ನು ನೋಡಿದಳು. "ನೀವೇ ಹೇಳಿದ್ರಲ್ರಿ, ಶನಿವಾರ ಬರ್ರಿ ಅಂತ. ಇವತ್ತೂ ಶನಿವಾರನೇ. ರೊಕ್ಕ ಕೋರ್ಟಿನಾಗ ಕುಂತದ, ಹೋಗಿ ತಗೋರಿ. ಮೊದಲ ನನ್ನ ಮಷೀನ ಒಳಗ ಇಡಸ್ರಿ."

ಆಳುಗಳೇ ಮಷೀನು ಒಳಗಿಟ್ಟರು. ಸಾವಕಾರ ಇನ್ನೊಂದು ವರ್ಷ ತಕರಾರು ಮಾಡಿ, ಕೊನೆಗೆ ಕೋರ್ಟಿನಿಂದ ಹಣ ಎತ್ತಿಕೊಂಡು ಪತ್ರ ಮರಳಿಸಿದ.

ಅವ್ವ ಆಮೇಲೂ ಶುಕ್ರವಾರ ಹಾಲಿನವನಿಗೆ ಬಿಡಿಗಾಸೂ ಕೊಡುತ್ತಿರಲಿಲ್ಲ. ಆದರೆ ಕುಪ್ಪಸದ ಅಳತೆ ಕೊಡಲು ಬಂದ ಹೆಂಗಸರು ಯಾರಾದರೂ ಮನೆ ಗಿರವಿ ಇಟ್ಟ ಮಾತೆತ್ತಿದರೆ, ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ಹೇಳುತ್ತಿದ್ದಳು: "ಶನಿವಾರ ಬಾ ಅಂದ್ರ, ಬರದು ಕೊಡ್ರಿ ಅನ್ನು ಬೇ. ಕೊಡಲಿಲ್ಲಂದ್ರ ಶುಕ್ರವಾರನೇ ಹೋಗು."