ಲ್ಯಾಪ್‌ಟಾಪಿಗೆ ಅತ್ತೆಯ ಕಾವಲಿ ಪರೀಕ್ಷೆ

ಸ್ನೇಹಿತರೇ, ನಾನು ಐರೋಲಿಯ ಆಫೀಸಿನಲ್ಲಿ ಐಟಿ ಸಪೋರ್ಟಿನ ಸೀನಿಯರ್ ಎಂಬುದನ್ನು ಇವತ್ತಿನ ಮಟ್ಟಿಗೆ ಮರೆತುಬಿಡಿ.

ಬೆಳಿಗ್ಗೆ ಮನೆಯ ಹಳೆಯ ಲ್ಯಾಪ್‌ಟಾಪ್ ತೆರೆದರೆ ಪರದೆಯ ತುಂಬ ಹಸಿರು ಗೆರೆಗಳು. "ಸ್ಕ್ರೀನ್ ಹೋಯ್ತು" ಎಂದು ತೀರ್ಪು ಕೊಟ್ಟು, ಹೊಸದನ್ನು ತರಲು ಠಾಣೆಯ ಲೋಕಲ್ ರೈಲು ಹಿಡಿಯೋಣವೆಂದು ಚಪ್ಪಲಿ ಮೆಟ್ಟಿದೆ. ಡೊಂಬಿವ್ಲಿಯ ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆ ಹೊಯ್ದ ನನ್ನ ಅತ್ತೆ ಬಾಗಿಲಲ್ಲೇ ತಡೆದರು.

"ದೋಸೆ ಹರಿದ್ರೆ ಕೂಡ್ಲೇ ಹೊಸ ಕಾವಲಿ ತರ್ತಾರಾ? ಅದೇ ಹಿಟ್ಟನ್ನು ಬೇರೆ ಕಾವಲಿಯಲ್ಲಿ ಹೊಯ್ದು ನೋಡ್ಬೇಕು. ಅಲ್ಲಿಯೂ ಹರಿದ್ರೆ ತಪ್ಪು ಹಿಟ್ಟಿದ್ದು. ನಿಮ್ಮ ಈ ಡಬ್ಬದ ಚಿತ್ರ ಟಿವಿಯಲ್ಲಿ ಬರುದಿಲ್ವಾ?"

ಚಪ್ಪಲಿ ಕಳಚಿಟ್ಟು ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದೆ. ಅಲ್ಲಿಯೂ ಅದೇ ಹಸಿರು ಗೆರೆಗಳು! ಸ್ಕ್ರೀನಿನದ್ದು ಏನೂ ತಪ್ಪಿರಲಿಲ್ಲ. ಕೆಟ್ಟಿದ್ದು ಒಳಗೆ ಚಿತ್ರ ತಯಾರಿಸುವ ಗ್ರಾಫಿಕ್ಸ್ ಕಾರ್ಡ್.

"ಅಜ್ಜೀ, ಏಕ್ ನಂಬರ್!" ಎಂದು ಮಗಳು ಚಪ್ಪಾಳೆ ತಟ್ಟಿದಳು. ಅತ್ತೆ "ಹಿಟ್ಟು ಹಳತಾಯ್ತು, ಪಾಪ" ಎಂದಷ್ಟೇ ಹೇಳಿ ಒಳಗೆ ಹೋದರು.

ಅಂದ ಹಾಗೆ, ಟಿವಿಗೆ ಜೋಡಿಸಿ ನೋಡುವ ಈ ಪರೀಕ್ಷೆಯನ್ನು ನಮ್ಮ ಆಫೀಸಿನಲ್ಲಿ ಹೊಸಬರಿಗೆ ಮೊದಲ ದಿನವೇ ಕಲಿಸುತ್ತಾರೆ. ಕಲಿಸುವವನು ನಾನೇ.